ಅಚ್ಚಳಿಯುವ ಊರು

ನನ್ನ ಮೊದಲ ಅಚ್ಚಿನ ಯಂತ್ರ
ಅಮ್ಮನ ಬಟ್ಟೆ ಹಿಂಡುವ ಯಂತ್ರ.
ಎರಡು ರಬ್ಬರ್ ಉರುಳೆ, ಒಂದು ಹಿಡಿಕೆ;
ಸೋಮವಾರ ಗಣಿಯ ಅಂಗಿಗಳಿಗೆ, ಮಿಕ್ಕ ದಿನ ನನಗೆ.
ಅಡುಗೆಮನೆಯ ನೆಲಹಾಸಿನಿಂದ ಕದ್ದು ಕತ್ತರಿಸಿದ ತುಂಡಿನಲ್ಲಿ
ಇಗರ್ಜಿಯ ಗೋಪುರ ಕೊರೆದಿದ್ದೆ.
ಕಾಗದ ಬಿಟ್ಟು, ಒಗೆದ ದಿಂಬಿನ ಚೀಲದ ಮೇಲೆ
ಮೂಡಿಬಿಟ್ಟಿತು, ಕರ್ರಗೆ.
ಏಟು ಬಿತ್ತು.
ಆ ಗೋಪುರದ ಮೇಲೇ ಕೆನ್ನೆಯಿಟ್ಟು ಅಪ್ಪ
ವರ್ಷಗಟ್ಟಲೆ ಮಲಗಿದ.

ಬಿಸ್ಬೀಯಲ್ಲಿ ಸಮತಟ್ಟು ಅನ್ನುವುದು ಕಡಿಮೆ.
ಒಬ್ಬರ ಅಂಗಳ ಇನ್ನೊಬ್ಬರ ಸೂರಿನ ಮಟ್ಟಕ್ಕೆ;
ಮೇಲಿನ ಮನೆಯ ಮಿಸೆಸ್ ಟ್ರೆವೆನಾ ಚೆಲ್ಲಿದ ಚಹಾದ ಚರಟ
ನಮ್ಮ ತಗಡಿನ ಮಾಡಿನ ಮೇಲೆ ಟಪಟಪ.
ಮೆಟ್ಟಿಲು ಕೊರೆಯುವುದು ಸುಲಭ: ಗೀರು, ಗೀರು, ಗೀರು.
ಹತ್ತಲು ಈಗ ಮೊಣಕಾಲು ಒಪ್ಪುವುದಿಲ್ಲ.
ಸೂಜಿ ಹಿಡಿದು ಹತ್ತುತ್ತೇನೆ, ನಡುವೆ ಎಲ್ಲೂ ಕೂರದೆ.

ತಾಮ್ರದ ಊರನ್ನು ತಾಮ್ರದಲ್ಲೇ ಕೊರೆಯಬೇಕು
ಎಂದು ಹಠ ಹಿಡಿದವಳು ನಾನು.
ಸತುವು ಅಗ್ಗ, ಅಂದರು ಟ್ಯೂಸಾನಿನ ಅಂಗಡಿಯವರು.
ಅಗ್ಗವಾದದ್ದು ನಮ್ಮಲ್ಲಿ ಏನಿತ್ತು,
ಗಂಡಸರ ಉಸಿರೊಂದು ಬಿಟ್ಟು?

ತಗಡಿಗೆ ಮೇಣ ಸವರಿ, ಹೊಗೆ ಹಿಡಿಸಿ, ಗೀರಿ
ಆಮ್ಲದ ತಟ್ಟೆಗೆ ಇಳಿಸುತ್ತೇನೆ.
ಗೀರಿದಲ್ಲಿ ಕಚ್ಚುತ್ತದೆ, ಗೀರದಲ್ಲಿ ಬಿಡುತ್ತದೆ.
ನೆನಪೂ ಹೀಗೇ ಅನ್ನಬಹುದಿತ್ತು, ಅನ್ನಲಾರೆ;
ಅದು ಗೀರದ ಕಡೆಯೂ ಕಚ್ಚುತ್ತದೆ.
ಕ್ಷೌರಿಕ ಗ್ರಿಹಾಲ್ವಾನ ಕುರ್ಚಿ ಬಿಡಿಸಲು ಹೋದರೆ
ಬಂದದ್ದು ಅವನ ಒಂಟಿಗೈ ಮಗ,
ಬಾಗಿಲ ಸಂದಿಯಲ್ಲಿ ನಿಂತು
ಕಿತ್ತಳೆಯನ್ನು ಹಲ್ಲಿನಿಂದ ಸುಲಿಯುತ್ತಾ.

ತಿರುವುಮುರುವು ನಮ್ಮ ಕಸುಬು.
ಎಡದ ಬೆಟ್ಟ ಬಲಕ್ಕೆ, ಬಲದ ಇಗರ್ಜಿ ಎಡಕ್ಕೆ,
ಬೋರ್ಡಿನ ಅಕ್ಷರಗಳು ಬಾಲದಿಂದ ತಲೆಗೆ;
ಆಗಲೇ ಕಾಗದದಲ್ಲಿ ಲೋಕ ನೆಟ್ಟಗೆ.
ಒಂದು ರಾತ್ರಿ ಮರೆತೆ.
ಪ್ರೆಡ್ರಾಗನ ಬಾರಿನ ಗಾಜಿನ ಮೇಲಿದ್ದ ಮೂರಕ್ಷರ
ಬೀದಿಯಿಂದ ಓದುವ ಹಾಗೇ ಕೊರೆದುಬಿಟ್ಟೆ.
ಕಾಗದ ಎತ್ತಿದರೆ, ಬಿ ಮತ್ತು ಆರ್
ಜಾಗ ಬದಲಿಸಿ, ಮುಖ ತಿರುಗಿಸಿ ನಿಂತಿದ್ದವು,
ಮುನಿಸಿಕೊಂಡ ದಾಯಾದಿಗಳು;
ನಡುವಿನ ಎ ಮಾತ್ರ, ಎಡಬಲ ಅರಿಯದ್ದು, ತನ್ನ ಪಾಡಿಗೆ.

ಹರಿಯಲು ಎತ್ತಿದ ಕೈ ನಿಂತಿತು.
ಒಳಗೆ ಕೂತವನಿಗೆ ಅದು ಕಾಣುತ್ತಿದ್ದದ್ದೇ ಹೀಗೆ.
ಸಂಬಳದ ಸಂಜೆ, ಎಂಟು ವರ್ಷದವಳು ಬೀದಿಯಲ್ಲಿ
ಗಾಜಿಗೆ ಮೂಗೊತ್ತಿ ಲಕೋಟೆಗೆ ಕಾಯುತ್ತಿದ್ದೆ.
ಒಳಗೆ ಬರಕೂಡದು ಅಂದಿದ್ದ.
ಬೆನ್ನು ತಿರುಗಿದ ಆ ಅಕ್ಷರಗಳ ಸಂದಿಯಲ್ಲಿ
ನನ್ನ ಮುಖವನ್ನೂ ಅವನು ನೋಡಿರಬೇಕು.
ಅರವತ್ತು ವರ್ಷದ ಮೇಲೆ, ಕೈತಪ್ಪಿ,
ಅವನ ಕುರ್ಚಿಯಲ್ಲಿ ಒಂದು ಗಳಿಗೆ ಕೂತೆ.
ಹರಿಯಲಿಲ್ಲ. ಮಾರಲೂ ಇಲ್ಲ.

ನಮ್ಮ ಓಣಿ ಈಗಿಲ್ಲ, ತೆರೆದ ಗಣಿಯ ಗುಂಡಿಗೆ ಹೋಯಿತು.
ಮನೆಗಳನ್ನು ಲಾರಿಗೇರಿಸಿ ಸಾಗಿಸಿದರು;
ಪರದೆ ಕಟ್ಟಿದ ಕಿಟಕಿ ರಸ್ತೆ ಹಿಡಿದು ಹೊರಟದ್ದು ಕಂಡು
ಅಮ್ಮ ನಕ್ಕಳು, ಆಮೇಲೆ ಬಹಳ ಹೊತ್ತು ಕೆಮ್ಮಿದಳು.
ಆ ಓಣಿಯನ್ನು ಮಸಿಯಿಲ್ಲದೆ ಒತ್ತುತ್ತೇನೆ,
ಒದ್ದೆ ಕಾಗದದಲ್ಲಿ ಬರೀ ಉಬ್ಬುತಗ್ಗು.
ಇದರಲ್ಲಿ ಏನಿದೆ, ಕೇಳುತ್ತಾರೆ ನೋಡಲು ಬಂದವರು.
ಬೆರಳಾಡಿಸಿ, ಅನ್ನುತ್ತೇನೆ.
ನನ್ನ ಈ ತಗಡಿನ ತಾಮ್ರ ಯಾರ ಹಿತ್ತಿಲ ಕೆಳಗಿನದೋ,
ಅದನ್ನು ಹೇಳುವುದಿಲ್ಲ. ನನಗೇ ಗೊತ್ತಿಲ್ಲ.

ಅಚ್ಚಳಿಯದ ನೆನಪು, ಅನ್ನುವುದು ವಾಡಿಕೆ.
ಅಚ್ಚು ಹಾಕಿದವರನ್ನು ಕೇಳಿ ನೋಡಿ.
ತಾಮ್ರ ಮೆತ್ತಗೆ. ಒತ್ತಿದ ಪ್ರತಿ ಸಲವೂ
ಗೀರು ಕೂದಲಷ್ಟು ಸವೆಯುತ್ತದೆ,
ಮಸಿ ಒರೆಸುವ ಅಂಗೈಯೂ ಒಂದಿಷ್ಟು ಕೊಂಡೊಯ್ಯುತ್ತದೆ.
ಇದು ಮೂವತ್ತೇಳನೆಯ ಪ್ರತಿ.
ಮೇಲಿನ ಮೆಟ್ಟಿಲು ಮಸುಕು.
ಮಿಸೆಸ್ ಟ್ರೆವೆನಾಳ ಕೈ ಇದೆ, ಬಟ್ಟಲಿದೆ,
ಚಹಾ ಕಾಣುವುದಿಲ್ಲ.

ಇನ್ನೊಂದು ತೆಗೆಯುತ್ತೇನೆ.
ಕಾಗದ ಹದವಾಗಿ ನೆಂದಿದೆ.